ಮರ ಹತ್ತುವ ಗ್ಯಾಂಗಿಗೆ ಇನ್ಶೂರೆನ್ಸ್: ಎಷ್ಟಾಗುತ್ತದೆ, ಹೇಗೆ ಮಾಡಿಸಬೇಕು

"ನಮ್ಮದು ಐದಾರು ಜನರ ಗ್ಯಾಂಗು. ಮರ ಕಡಿಯುವುದು, ಹರೆ ಸವರುವುದು, ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವುದು. ಆಳುಗಳಿಗೆ ಇನ್ಶೂರೆನ್ಸ್ ಮಾಡಿಸಿದರೆ ವರ್ಷಕ್ಕೆ ಎಷ್ಟಾಗುತ್ತದೆ?"

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಮೇಸ್ತ್ರಿಗಳು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಮಳೆ ಹಿಡಿಯುವ ಮುಂಚೆ ಮನೆ ಮೇಲೆ ವಾಲಿದ ಮರ ತೆಗೆಸುವ ಗಡಿಬಿಡಿ ಶುರುವಾದಾಗಂತೂ ಹೆಚ್ಚು. ಎಲ್ಲರಿಗೂ ಒಂದೇ ಮೊತ್ತ ಹೇಳಲು ಬರುವುದಿಲ್ಲ. ಈ ಪಾಲಿಸಿಯ ದರಪಟ್ಟಿಯನ್ನು ಕಂಪನಿಗಳೇ ನಿಗದಿ ಮಾಡುತ್ತವೆ, ಒಂದೇ ಗ್ಯಾಂಗಿಗೆ ಎರಡು ಕಂಪನಿ ಎರಡು ರೇಟು ಹೇಳುವುದು ಮಾಮೂಲಿ. ಆದರೆ ಲೆಕ್ಕ ಹಾಕುವ ಕ್ರಮ ಎಲ್ಲಾ ಕಡೆಯೂ ಒಂದೇ. ಅದು ಗೊತ್ತಿದ್ದರೆ ಏಜೆಂಟ್ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಪ್ರೀಮಿಯಂ ಉಳಿಸಲು ಕೂಲಿ ಕಡಿಮೆ ತೋರಿಸುವುದು, ಮರ ಹತ್ತುವವನನ್ನು "ತೋಟದ ಆಳು" ಎಂದು ಬರೆಸುವುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಎರಡು ಉಪಾಯಗಳು. ಎರಡೂ ಕ್ಲೇಮಿನ ದಿನ ಕೈಕೊಡುತ್ತವೆ. ಖರ್ಚು ಇಳಿಸಲು ಬೇರೆ ದಾರಿಗಳಿವೆ, ಮುಂದೆ ಹೇಳಿದ್ದೇನೆ.

1. ನಿಮ್ಮ ತಲೆ ಮೇಲೆ ಎಷ್ಟು ಹೊಣೆ ಇದೆ, ಮೊದಲು ನೋಡಿ

ಕೆಲಸ ಮಾಡುವಾಗ ಆಳಿಗೆ ಪೆಟ್ಟಾದರೆ ಪರಿಹಾರ ಕೊಡಬೇಕಾದವನು ಕೆಲಸಕ್ಕೆ ಇಟ್ಟುಕೊಂಡವನು, ಅಂದರೆ ನೀವು. 1923ರ ನೌಕರರ ಪರಿಹಾರ ಕಾಯಿದೆ ಹೇಳುತ್ತಿದ್ದದ್ದು ಇದನ್ನೇ. ಈಗ ಆ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪರಿಹಾರ ಲೆಕ್ಕ ಹಾಕುವ ಸೂತ್ರ ಹಳೆಯದೇ. ಮರ ಕಡಿಯುವ ಕೆಲಸ ಹಳೆಯ ಕಾಯಿದೆಯ ಪಟ್ಟಿಯಲ್ಲಿ ಹೆಸರು ಹಿಡಿದೇ ಇತ್ತು, ಹಾಗಾಗಿ "ನಮ್ಮದು ಫ್ಯಾಕ್ಟರಿ ಅಲ್ಲವಲ್ಲ" ಎಂಬ ವಾದ ನಡೆಯುವುದಿಲ್ಲ. ಎರಡು ದಿನಕ್ಕೆ ಕರೆದುಕೊಂಡು ಬಂದ ಆಳಿಗೂ ಇದು ಅನ್ವಯ. ತಪ್ಪು ನಿಮ್ಮದೇ ಆಗಿರಬೇಕು ಅಂತಲೂ ಇಲ್ಲ.

ಸೂತ್ರ ಹೀಗೆ: ಆಳು ತೀರಿಕೊಂಡರೆ ತಿಂಗಳ ಕೂಲಿಯ ಅರ್ಧವನ್ನು ಅವನ ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ಗುಣಕ ಎಂದರೆ ಕಾನೂನಿನ ಕೊನೆಯಲ್ಲಿ ಕೊಟ್ಟಿರುವ ಪಟ್ಟಿಯ ಒಂದು ಸಂಖ್ಯೆ. 25 ವರ್ಷಕ್ಕೆ 216.91, 35ಕ್ಕೆ 197.06, 45ಕ್ಕೆ 169.44, 55ಕ್ಕೆ 135.56. ವಯಸ್ಸು ಕಡಿಮೆಯಾದಷ್ಟೂ ಪರಿಹಾರ ಹೆಚ್ಚು. ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ, ಅಂದರೆ ಮುಂದೆ ಯಾವ ಕೆಲಸಕ್ಕೂ ಆಗದಂತಾದರೆ, ಕೂಲಿಯ ಅರ್ಧದ ಬದಲು ಶೇ. 60 ಹಿಡಿಯಬೇಕು.

ತಿಂಗಳ ಕೂಲಿ ಎಷ್ಟೇ ಇದ್ದರೂ ಪರಿಹಾರದ ಲೆಕ್ಕಕ್ಕೆ ಒಂದು ಮಿತಿ ಉಂಟು. 2020ರ ಜನವರಿಯ ಅಧಿಸೂಚನೆಯಂತೆ ಅದು 15,000 ರೂಪಾಯಿ, ಅದಕ್ಕೂ ಮುಂಚೆ 8,000 ಇತ್ತು. ಸರ್ಕಾರ ಇದನ್ನು ಏರಿಸಬಹುದು, ಪಾಲಿಸಿ ಮಾಡಿಸುವ ದಿನ ಒಮ್ಮೆ ಕೇಳಿಕೊಳ್ಳಿ.

ತಿಂಗಳಿಗೆ 15,000 ಅಥವಾ ಹೆಚ್ಚು ದುಡಿಯುವ 35 ವರ್ಷದ ಆಳು ಹಲಸಿನ ಮರದಿಂದ ಬಿದ್ದು ತೀರಿಕೊಂಡ ಎಂದುಕೊಳ್ಳಿ. 7,500 ಗುಣಿಸು 197.06, ಅಂದರೆ 14,77,950 ರೂಪಾಯಿ. ಬದುಕಿ ಉಳಿದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಪೂರ್ಣ ಅಂಗವೈಕಲ್ಯವಾದರೆ 9,000 ಗುಣಿಸು 197.06, ಅಂದರೆ 17,73,540. ಗರಗಸಕ್ಕೆ ಸಿಕ್ಕಿ ಹೆಬ್ಬೆರಳು ಪೂರ್ತಿ ಹೋದರೆ ಪಟ್ಟಿಯಲ್ಲಿ ಶೇ. 30 ನಷ್ಟ, ಅದೇ ವಯಸ್ಸಿನವನಿಗೆ 5,32,062. ಕೈ ಮುರಿದು ಕೆಲವು ತಿಂಗಳು ಮನೆಯಲ್ಲಿ ಕೂತರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25, ಮಿತಿಯ ಪ್ರಕಾರ 3,750. ಇದರ ಮೇಲೆ ಆಸ್ಪತ್ರೆಯ ನಿಜವಾದ ಖರ್ಚೂ ನಿಮ್ಮದೇ. 2009ರ ತಿದ್ದುಪಡಿಯಲ್ಲಿ ಇದು ಸೇರಿತು. ಇದನ್ನು ಮರೆತವರೇ ಜಾಸ್ತಿ.

ದುಡ್ಡು ತಡಮಾಡಿದರೆ ಶೇ. 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ.

ಇಲ್ಲಿ ಎಡವುವ ಜಾಗ ಒಂದಿದೆ. "ಏನಾದರೂ ಆದರೆ ಮೇಸ್ತ್ರಿ ಜವಾಬ್ದಾರರಲ್ಲ" ಎಂದು ಛಾಪಾ ಕಾಗದದ ಮೇಲೆ ಆಳಿನ ಸಹಿ ಹಾಕಿಸಿ ಇಟ್ಟುಕೊಳ್ಳುವವರಿದ್ದಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ಶೂನ್ಯ. ಆ ಛಾಪಾ ಕಾಗದದ ದುಡ್ಡಿಗೆ ಒಂದು ಹಗ್ಗವಾದರೂ ತನ್ನಿ.

2. ಯಾವ ಪಾಲಿಸಿ?

ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರಿಗೆ ಅದು, ಮಾಲೀಕನ ಪಾಲು ಶೇ. 3.25, ಕೆಲಸಗಾರನ ಪಾಲು ಶೇ. 0.75. ಇಎಸ್‌ಐ ಒಳಗಿರುವ ಆಳಿಗೆ ಕೆಲಸದ ಪೆಟ್ಟಿನ ಪರಿಹಾರ ಅಲ್ಲಿಂದಲೇ. ನಿಮ್ಮ ಗ್ಯಾಂಗು ಹತ್ತರ ಹತ್ತಿರ ಇದ್ದರೆ ತೆರಿಗೆ ಸಲಹೆಗಾರರ ಹತ್ತಿರ ಮೊದಲು ಇದನ್ನೇ ಇತ್ಯರ್ಥ ಮಾಡಿಕೊಳ್ಳಿ.

ಐದಾರು ಜನರ ಗ್ಯಾಂಗಿಗೆ ಬೇಕಾದದ್ದು ನೌಕರರ ಪರಿಹಾರ ಪಾಲಿಸಿ. ಇನ್ಶೂರೆನ್ಸ್ ಆಫೀಸಿನಲ್ಲಿ ಇಂದಿಗೂ "ಡಬ್ಲ್ಯೂ ಸಿ ಪಾಲಿಸಿ" (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಎಂದರೆ ತಕ್ಷಣ ಗೊತ್ತಾಗುತ್ತದೆ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಲ್ಲೂ ಸಿಗುತ್ತದೆ, ಖಾಸಗಿಯಲ್ಲೂ ಸಿಗುತ್ತದೆ. ನೀವು ಕೊಡಬೇಕಾದ ಪರಿಹಾರವನ್ನು ನಿಮ್ಮ ಪರವಾಗಿ ಕಂಪನಿ ಕೊಡುವುದು ಇದರ ಸಾರ.

ಗ್ರೂಪ್ ಅಪಘಾತ ವಿಮೆ ಬೇರೆ. ಅದು ಅಗ್ಗ, ಆಳಿಗೋ ಅವನ ಮನೆಯವರಿಗೋ ಒಂದು ನಿಗದಿತ ಮೊತ್ತ ಬರುತ್ತದೆ, ಅಷ್ಟೇ. ನಿಮ್ಮ ಕಾನೂನಿನ ಹೊಣೆ ಹಾಗೇ ಉಳಿಯುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಹಾಗೆಯೇ. ಅಪಘಾತದಲ್ಲಿ ಸತ್ತರೆ 2 ಲಕ್ಷ. 18ರಿಂದ 70 ವಯಸ್ಸಿನವರೆಗೆ ಪ್ರತಿಯೊಬ್ಬ ಆಳಿಗೂ ಮಾಡಿಸಿ, ತಪ್ಪಿಸಬೇಡಿ, ಆದರೆ ಅದನ್ನು ತೋರಿಸಿ "ನನ್ನ ಕೆಲಸ ಮುಗಿಯಿತು" ಎನ್ನಬೇಡಿ.

3. ಕೂಲಿ ಲೆಕ್ಕ ಕೂಡಿಸಿ

ಪ್ರೀಮಿಯಂ ಹುಟ್ಟುವುದು ಇಲ್ಲಿ. ವರ್ಷಕ್ಕೆ ನೀವು ಕೊಡುವ ಒಟ್ಟು ಕೂಲಿಯನ್ನು ಆ ಕೆಲಸದ ರೇಟಿನಿಂದ ಗುಣಿಸಿದರೆ ಪ್ರೀಮಿಯಂ, ಅದರ ಮೇಲೆ ಶೇ. 18 ಜಿಎಸ್‌ಟಿ.

ಲೆಕ್ಕ ಅರ್ಥವಾಗಲಿ ಎಂದು ಒಂದು ಗ್ಯಾಂಗನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿರುವ ಕೂಲಿಯೂ ರೇಟೂ ಊಹೆಯವು, ನಿಮ್ಮದನ್ನು ಹಾಕಿಕೊಳ್ಳಿ. ವರ್ಷಕ್ಕೆ 200 ದಿನದ ಕೆಲಸ. ಮರ ಹತ್ತುವವರು ಇಬ್ಬರು, ದಿನಕ್ಕೆ 1,200. ಮೆಷಿನ್ ಗರಗಸದವನು ಒಬ್ಬ, 1,000. ಹಗ್ಗ ಎಳೆಯಲು, ಸೊಪ್ಪು ಸೌದೆ ಒಟ್ಟಲು ಕೆಳಗಿನ ಆಳು ಮೂವರು, 600. ಹತ್ತುವವರದ್ದು 4,80,000, ಮೆಷಿನಿನವನದ್ದು 2,00,000, ಕೆಳಗಿನವರದ್ದು 3,60,000. ಒಟ್ಟು 10,40,000.

ಕಂಪನಿ ಎಲ್ಲರನ್ನೂ ಒಂದೇ ಸಾಲಿಗೆ ಹಾಕಿ ಶೇ. 4 ಎಂದರೆ ಪ್ರೀಮಿಯಂ 41,600. ಮೇಲಿನವರಿಗೆ ಮತ್ತು ಮೆಷಿನಿನವನಿಗೆ ಶೇ. 4, ಕೆಳಗಿನವರಿಗೆ ಶೇ. 2 ಎಂದು ಬೇರೆ ಮಾಡಿದರೆ 27,200 ಮತ್ತು 7,200 ಸೇರಿ 34,400. ಜಿಎಸ್‌ಟಿ ಕೂಡಿಸಿದರೆ 40,592. ಯಾವ ಸುಳ್ಳೂ ಹೇಳದೆ, ಬರೀ ವಿಂಗಡಣೆಯಿಂದ ಜಿಎಸ್‌ಟಿಗೆ ಮುಂಚೆಯೇ 7,200 ಉಳಿಯಿತು. ಕೆಲವು ಕಂಪನಿಗಳು ಒಪ್ಪುವುದಿಲ್ಲ. ಕೊಂಬೆ ಬೀಳುವುದು ಕೆಳಗಿರುವವನ ತಲೆ ಮೇಲೆಯೇ ಎಂಬುದು ಅವರ ವಾದ, ಅದೂ ನಿಜವೇ. ಆದರೂ ಕೇಳಿ. ವಿಂಗಡಿಸಿದ ಮೇಲೆ ಮಾತ್ರ ಕೆಳಗಿನವನನ್ನು "ಇವತ್ತೊಂದು ದಿನ ಹತ್ತು ಮಾರಾಯ" ಎಂದು ಮೇಲೆ ಕಳಿಸಬೇಡಿ.

ಈ ಲೆಕ್ಕಕ್ಕೆ ಆಧಾರ ಹಾಜರಿ ಪುಸ್ತಕ ಮತ್ತು ಬಟವಾಡೆ ಪುಸ್ತಕ. ನಮ್ಮ ಕಡೆಯ ಬಟವಾಡೆ ಪುಸ್ತಕ ಹೇಗಿರುತ್ತದೆ ಗೊತ್ತಲ್ಲ: ಜೇಬಿನ ಡೈರಿ, ಒಂದು ಪುಟದಲ್ಲಿ "ಮಂಜ 3, ಮುಂಗಡ 500", ಅದರ ಕೆಳಗೆ ಚೈನ್ ಆಯಿಲ್ ಲೆಕ್ಕ, ಅದರ ಮೇಲೆ ಮಳೆ ನೀರಿನ ಕಲೆ. ಕ್ಲೇಮು ಪರಿಶೀಲಿಸಲು ಬರುವ ಸರ್ವೇಯರ್ ಮುಂದೆ ಅದು ನಿಲ್ಲುವುದಿಲ್ಲ. ಉದ್ದ ಪುಸ್ತಕ ತನ್ನಿ. ಆಳಿನ ಪೂರ್ತಿ ಹೆಸರು, ಆಧಾರ್‌ನಲ್ಲಿರುವ ಹುಟ್ಟಿದ ದಿನ, ತಾರೀಖು, ಯಾವ ತೋಟ, ಏನು ಕೆಲಸ, ಕೂಲಿ, ಸಹಿ ಬರೆಯಿರಿ. ಮುಂಗಡವನ್ನು ಬೇರೆ ಕಾಲಂನಲ್ಲಿ ಹಾಕಿ, ಕೂಲಿಯಲ್ಲಿ ಕಳೆದು ಬರೆಯಬೇಡಿ. ಕಳೆದು ಬರೆದರೆ ಕಾಗದದ ಮೇಲೆ ಅವನ ಕೂಲಿಯೇ ಕಡಿಮೆಯಾಗಿ ಕಾಣುತ್ತದೆ. ಸಾಧ್ಯವಾದಷ್ಟು ಫೋನ್‌ಪೇನಲ್ಲೋ ಬ್ಯಾಂಕಿನಲ್ಲೋ ಕೊಟ್ಟರೆ ಇನ್ನೂ ಒಳ್ಳೆಯದು.

"ಪರಿಹಾರದ ಮಿತಿ 15,000 ತಾನೇ, ಕೂಲಿಯನ್ನೂ ಅಷ್ಟೇ ತೋರಿಸಿದರಾಯಿತು" ಎನ್ನುವವರಿಗೆ: ಕಂಪನಿ ಪೂರ್ತಿ ಕೂಲಿ ಕೇಳುತ್ತದೋ ಮಿತಿಯವರೆಗೆ ಸಾಕು ಎನ್ನುತ್ತದೋ ಬರವಣಿಗೆಯಲ್ಲಿ ಕೇಳಿ. ನೀವೇ ತೀರ್ಮಾನ ಮಾಡಿದರೆ, ಕಡಿಮೆ ತೋರಿಸಿದಷ್ಟೇ ಪಾಲು ಕ್ಲೇಮಿನಲ್ಲಿ ಕಡಿತವಾಗುವ ಅಪಾಯ ಇದೆ.

4. ಅರ್ಜಿಯಲ್ಲಿ ಕೆಲಸವನ್ನು ಇದ್ದ ಹಾಗೆ ಬರೆಯಿರಿ

"ಕೃಷಿ ಕಾರ್ಮಿಕರು" ಎಂದು ಬರೆದರೆ ರೇಟು ಇಳಿಯುತ್ತದೆ, ಏಜೆಂಟನೂ ಬೇಗ ಹೂಂ ಎನ್ನುತ್ತಾನೆ. ಆಮೇಲೆ ಐವತ್ತು ಅಡಿ ಸಿಲ್ವರ್ ಮರದಿಂದ ಬಿದ್ದವನ ಕ್ಲೇಮು ಹೋದಾಗ, ಅರ್ಜಿಯಲ್ಲಿ ಮರ ಹತ್ತುವ ಮಾತೇ ಇಲ್ಲ ಎಂದು ಫೈಲು ವಾಪಸ್ ಬರುತ್ತದೆ. ಹೀಗೆ ಬರೆಯಿರಿ: ಮರ ಹತ್ತಿ ಕೊಂಬೆ ಸವರುವುದು, ಮೆಷಿನ್ ಗರಗಸದಿಂದ ಮರ ಕಡಿಯುವುದು, ನೆರಳು ಮರದ ಮರಗಸಿ, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವುದು, ಕಡಿದದ್ದನ್ನು ಸಾಗಿಸುವುದು. ಅಡಿಕೆ ಕೊನೆ ಕೊಯ್ಯುವುದು, ಕೊಳೆ ಔಷಧಿ ಹೊಡೆಯುವುದು ಮಾಡುವುದಾದರೆ ಅದನ್ನೂ ಸೇರಿಸಿ.

ಜಾಗದ ಕಾಲಂ ಇನ್ನೊಂದು ಗುಂಡಿ. ಅಲ್ಲಿ ನಿಮ್ಮ ಮನೆ ವಿಳಾಸ ಹಾಕಿಬಿಟ್ಟರೆ ಪಾಲಿಸಿ ನಿಮ್ಮ ಅಂಗಳಕ್ಕೆ ಮಾತ್ರ ಎಂದು ವಾದಿಸಬಹುದು. "ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೆಲಸ ನಡೆಯುವ ಎಲ್ಲಾ ಸ್ಥಳಗಳು" ಎಂದು ಬರೆಸಿ. ಘಟ್ಟ ಇಳಿದು ಉಡುಪಿ ಕಡೆ ಹೋಗುವುದಿದ್ದರೆ ಅದನ್ನೂ.

ಆಳು ಬದಲಾಗುತ್ತಲೇ ಇರುವುದರಿಂದ ಹೆಸರಿಲ್ಲದ ಪಾಲಿಸಿ ಕೇಳಿ, ಅಂದರೆ ಯಾವ ಕೆಲಸಕ್ಕೆ ಎಷ್ಟು ಜನ ಎಂದು ಮಾತ್ರ ಇರುವಂಥದ್ದು. ಏಪ್ರಿಲ್-ಮೇನಲ್ಲಿ ಆರಿದ್ದವರು ಒಂಬತ್ತಾದರೆ ಆಗಲೇ ತಿಳಿಸಿ ಹೆಚ್ಚುವರಿ ಕಟ್ಟಿ.

5. ಸಹಿ ಹಾಕುವ ಮುಂಚೆ ಕೇಳಬೇಕಾದದ್ದು

ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರಲಿ.

ಎತ್ತರದ ಮಿತಿ ಇದೆಯೇ? ಇಷ್ಟು ಅಡಿಗಿಂತ ಮೇಲಿನ ಕೆಲಸಕ್ಕೆ ಇಲ್ಲ ಎಂಬ ಷರತ್ತು ಒಳಪುಟದಲ್ಲಿ ಕೂತಿದ್ದರೆ, ಮರ ಹತ್ತುವ ಗ್ಯಾಂಗಿಗೆ ಆ ಪಾಲಿಸಿ ರದ್ದಿ ಕಾಗದ.

ಆಸ್ಪತ್ರೆ ಖರ್ಚು ಸೇರಿದೆಯೇ? ಸಾಮಾನ್ಯವಾಗಿ ಇದು ಬೇರೆ ದುಡ್ಡು ಕಟ್ಟಿ ಸೇರಿಸಬೇಕಾದದ್ದು, ತಲೆಗೆ ಇಷ್ಟು ಎಂಬ ಮಿತಿಯ ಮೇಲೆ. ಮರದಿಂದ ಬಿದ್ದವನನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಒಯ್ದರೆ ಬೆನ್ನುಮೂಳೆಯ ಆಪರೇಷನ್ನಿಗೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸಣ್ಣ ಮಿತಿ ಹಾಕಿಸಿಕೊಂಡು ಉಳಿಸಿದೆ ಎಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಬೇರೆ ಯಾವ ಸೇರ್ಪಡೆ ಬಿಟ್ಟರೂ ಇದನ್ನು ಬಿಡಬಾರದು.

ಪಾಲಿಸಿಯ ಪಠ್ಯದಲ್ಲಿ ಹೊಸ ಸಂಹಿತೆಯ ಹೆಸರು ಇದೆಯೇ, ಅಥವಾ 1923ರ ಕಾಯಿದೆ ಮಾತ್ರವೇ? ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತ, ಕೆಲಸಕ್ಕೂ ಅದಕ್ಕೂ ನಂಟಿದ್ದರೆ, ಕೆಲಸದ ಅಪಘಾತವೇ ಎಂದು ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಪಿಕಪ್ ಹಿಂದೆ ಗರಗಸ, ಹಗ್ಗ, ಪೆಟ್ರೋಲ್ ಕ್ಯಾನಿನ ಜೊತೆ ಆಳುಗಳನ್ನೂ ತುಂಬಿಕೊಂಡು ಘಾಟಿ ರಸ್ತೆಯಲ್ಲಿ ಹೋಗುವ ನಮಗೆ ಇದು ಸಣ್ಣ ಮಾತಲ್ಲ. ಸರಕು ವಾಹನದಲ್ಲಿ ಜನ ಕೂರಿಸಿದ್ದಕ್ಕೆ ವಾಹನದ ಇನ್ಶೂರೆನ್ಸ್ ತಕರಾರು ತೆಗೆಯುವುದು ಬೇರೆ.

ಬಡ್ಡಿ, ದಂಡ ಯಾರದು? ದಂಡವನ್ನು ಕಂಪನಿಗಳು ಹೊರುವುದಿಲ್ಲ, ಬಡ್ಡಿಯನ್ನೂ ಹಲವರು ಹೊರಗಿಡುತ್ತಾರೆ.

6. ಖರ್ಚು ಇಳಿಸುವುದು, ರೇಟಿಗೆ ಸೇರಿಸುವುದು

ಮೂರು ಕಡೆ ಕೊಟೇಷನ್ ತೆಗೆಸಿ. ಹಿಂದಿನ ವರ್ಷಗಳಲ್ಲಿ ಕ್ಲೇಮು ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ರಿಯಾಯಿತಿ ತಾನಾಗಿ ಬರುವುದಿಲ್ಲ. ಸೊಂಟದ ಬೆಲ್ಟು, ಹೆಲ್ಮೆಟ್ಟು, ಗರಗಸದವನ ಕಾಲುಕವಚ ಖರೀದಿಸಿದ ಬಿಲ್ಲು, ಆಳುಗಳು ಅದನ್ನು ಹಾಕಿಕೊಂಡ ಫೋಟೋ ಅರ್ಜಿಯ ಜೊತೆ ಲಗತ್ತಿಸಿ. ಹತ್ತುವ ಕೆಲಸವನ್ನೇ ಕಡಿಮೆ ಮಾಡಿದರೆ ಹೆಚ್ಚು ರೇಟಿನ ಕೂಲಿಯೂ ಕಡಿಮೆಯಾಗುತ್ತದೆ. ಅಡಿಕೆಗೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೊನೆ ಕೊಯ್ಲು, ಔಷಧಿ ಎರಡೂ ನೆಲದ ಮೇಲಿಂದ ನಡೆಯುತ್ತಿವೆ. ಅಂಥ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಬೇರೆ ಬರೆಯಿರಿ.

ವಿದ್ಯುತ್ ತಂತಿಯ ಹತ್ತಿರದ ಮರ ಇದ್ದರೆ ಮೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ. "ಈಗ ಹೇಗೂ ಕರೆಂಟಿಲ್ಲ" ಎಂದು ಹತ್ತಿಸುವುದು ಮಲೆನಾಡಿನಲ್ಲಿ ಅತಿ ಅಪಾಯದ ಧೈರ್ಯ, ಕರೆಂಟು ಯಾವಾಗ ಬರುತ್ತದೆ ಎಂದು ಯಾರಿಗೆ ಗೊತ್ತು?

ಉಳಿದದ್ದನ್ನು ಕೆಲಸದ ರೇಟಿಗೆ ಹಾಕಿ. ಮೇಲಿನ ಲೆಕ್ಕದ 40,592ನ್ನು 200 ದಿನಕ್ಕೆ ಹಂಚಿದರೆ ಇಡೀ ಗ್ಯಾಂಗಿಗೆ ದಿನಕ್ಕೆ ಸುಮಾರು 203 ರೂಪಾಯಿ. ಆಸ್ಪತ್ರೆ ಖರ್ಚಿನ ಸೇರ್ಪಡೆಗೆ ಇನ್ನಷ್ಟು. ಎಸ್ಟೇಟ್ ಮಾಲೀಕರು ಚೌಕಾಶಿ ಮಾಡಿದರೆ ಒಂದು ವಿಷಯ ನೆನಪಿಸಿ: ತಮ್ಮ ತೋಟದ ಮಾಮೂಲಿ ಕೆಲಸವನ್ನು ಕಂಟ್ರಾಕ್ಟಿಗೆ ಕೊಟ್ಟಾಗ ಆಳಿಗೆ ಪೆಟ್ಟಾದರೆ ಪರಿಹಾರವನ್ನು ಮೊದಲು ಅವರಿಂದಲೇ ಕೇಳಬಹುದು, ಆಮೇಲೆ ಅವರು ನಿಮ್ಮಿಂದ ವಸೂಲಿ ಮಾಡಬೇಕು. ಮರಗಸಿ ಅಂಥ ಕೆಲಸ. ಹಾಗಾಗಿ ನಿಮ್ಮ ಪಾಲಿಸಿ ಅವರಿಗೂ ರಕ್ಷಣೆ. ಮನೆ ಹಿಂದಿನ ಒಂದು ಮಾವಿನ ಮರ ತೆಗೆಸುವವರಿಗೆ ಈ ವಾದ ಹೊಂದುವುದಿಲ್ಲ, ಅಲ್ಲಿ ಹೊಣೆ ಪೂರ್ತಿ ನಿಮ್ಮದೇ.

7. ಪೆಟ್ಟಾದ ದಿನ

ಮೊದಲು ಆಸ್ಪತ್ರೆ. ಅಲ್ಲಿ "ಏನಾಯಿತು?" ಎಂದು ಕೇಳಿದಾಗ ಪೊಲೀಸ್ ತಾಪತ್ರಯ ಬೇಡ ಎಂದು "ಮನೆಯಲ್ಲಿ ಜಾರಿ ಬಿದ್ದ" ಎಂದು ಬರೆಸುವ ಅಭ್ಯಾಸ ನಮ್ಮಲ್ಲಿದೆ. ಕ್ಲೇಮುಗಳು ಸಾಯುವುದು ಈ ಒಂದು ಸಾಲಿನಿಂದ. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಹೋದರೂ ಖಾಸಗಿಗೆ ಹೋದರೂ, ಮೊದಲ ಚೀಟಿಯಲ್ಲೇ "ಇಂಥ ತೋಟದಲ್ಲಿ ಕೆಲಸ ಮಾಡುವಾಗ ಮರದಿಂದ ಬಿದ್ದದ್ದು" ಎಂದು ಇರಲಿ. ವೈದ್ಯರು ಅದನ್ನು ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ದಾಖಲಿಸುತ್ತಾರೆ. ಹೆದರಬೇಡಿ, ಮುಂದೆ ನಿಮ್ಮನ್ನು ಕಾಯುವುದು ಅದೇ ಕಾಗದ.

ಅದೇ ದಿನ ಕಂಪನಿಗೆ ಫೋನ್, ಜೊತೆಗೆ ಇಮೇಲ್. ಮರದ, ಹಗ್ಗದ, ಬೆಲ್ಟಿನ ಫೋಟೋ ತೆಗೆಯಿರಿ. ಆ ದಿನದ ಹಾಜರಿ ಪುಟವನ್ನೂ ತೆಗೆಯಿರಿ. ನೋಡಿದ ಇಬ್ಬರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಕುಡಿದಿದ್ದ, ಬೆಲ್ಟ್ ಬೇಕಂತಲೇ ಬಿಚ್ಚಿಟ್ಟಿದ್ದ ಎಂಬ ಕಾರಣ ಸಣ್ಣಪುಟ್ಟ ಪೆಟ್ಟಿಗೆ ನಡೆಯಬಹುದು. ಸಾವಿಗೂ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ ಅದು ನಡೆಯುವುದಿಲ್ಲ, ಪರಿಹಾರ ಕೊಡಲೇಬೇಕು.

ಆಳು ತೀರಿಕೊಂಡರೆ ಊರಿನ ಹಿರಿಯರು ಕೂತು, ಇಷ್ಟು ಲಕ್ಷಕ್ಕೆ ಮಾತು ಮುಗಿಸಿ, ದುಡ್ಡನ್ನು ಹೆಂಡತಿ ಕೈಗೆ ಕೊಟ್ಟು ರಾಜಿ ಪತ್ರ ಬರೆಸುತ್ತಾರೆ. ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಕಾನೂನಿನ ಪ್ರಕಾರ ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಸಾವಿನ ಪರಿಹಾರವನ್ನು ನೌಕರರ ಪರಿಹಾರ ಆಯುಕ್ತರ ಬಳಿ, ಹೊಸ ಸಂಹಿತೆಯ ಭಾಷೆಯಲ್ಲಿ ಸಕ್ಷಮ ಪ್ರಾಧಿಕಾರದ ಬಳಿ, ಠೇವಣಿ ಇಡಬೇಕು. ಅವಲಂಬಿತರಿಗೆ ಹಂಚುವುದು ಅಲ್ಲಿಂದ. ನೇರವಾಗಿ ಕೊಟ್ಟು ಲೆಕ್ಕಕ್ಕೆ ಹಿಡಿಸಬಹುದಾದದ್ದು ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ. ಹಾಲಿನಂಥ ಜನ, ನಾಳೆ ಕೇಸು ಹಾಕುವುದಿಲ್ಲ ಎಂದು ನಂಬಿ ಕೂತರೆ ಎರಡನೇ ಸಲ ಪೂರ್ತಿ ಕಟ್ಟಬೇಕಾದೀತು. ಕಂಪನಿಯ ಒಪ್ಪಿಗೆ ಇಲ್ಲದೆ ನೀವೇ ರಾಜಿ ಮಾಡಿದರೆ ಕ್ಲೇಮಿಗೂ ಕುತ್ತು.

8. ವರ್ಷ ಮುಗಿದ ಮೇಲೆ

ಆರಂಭದಲ್ಲಿ ಹೇಳಿದ ಕೂಲಿ ಅಂದಾಜಿನದು. ಅವಧಿ ಮುಗಿದ ಮೇಲೆ ನಿಜವಾದ ಲೆಕ್ಕ ಕೊಡಬೇಕು. ಹೆಚ್ಚಾಗಿದ್ದರೆ ಬಾಕಿ ಕಟ್ಟಿ, ಕಡಿಮೆಯಾಗಿದ್ದರೆ ವಾಪಸ್ ಕೇಳಿ. ಮಳೆ ಜೋರಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಿಂತ ವರ್ಷ ಅಂದಾಜಿಗಿಂತ ಕೂಲಿ ಕಡಿಮೆಯಾಗಿರುತ್ತದೆ, ಆದರೂ ಯಾರೂ ಕೇಳಲು ಹೋಗುವುದಿಲ್ಲ. ನವೀಕರಣ ಒಂದು ದಿನವೂ ತಪ್ಪದಿರಲಿ, ನಡುವೆ ಬಿಟ್ಟುಹೋದ ದಿನಕ್ಕೆ ರಕ್ಷಣೆ ಇಲ್ಲ.

ಕೊನೆಗೆ, ಈ ಪಾಲಿಸಿಯಲ್ಲಿ ನೀವು ಇಲ್ಲ. ಮೇಸ್ತ್ರಿಯಾಗಿ ಸ್ವಂತ ಲೆಕ್ಕದಲ್ಲಿ ಕೆಲಸ ಹಿಡಿಯುವವರು ಮಾಲೀಕರು, ನೌಕರರಲ್ಲ. ಪಾಲುದಾರ ತಮ್ಮನೂ ಹಾಗೆಯೇ. ಆಳು ಬಾರದ ದಿನ ನೀವೇ ಮರ ಹತ್ತುವವರಾದರೆ ನಿಮ್ಮ ಹೆಸರಿಗೆ ಬೇರೆಯೇ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ, ಅದರ ಅರ್ಜಿಯಲ್ಲೂ ಉದ್ಯೋಗದ ಜಾಗದಲ್ಲಿ "ಕಂಟ್ರಾಕ್ಟರ್" ಎಂದಷ್ಟೇ ಬರೆಯದೆ ಮರ ಹತ್ತುವುದನ್ನು ಸೇರಿಸಿ ಬರೆಯಿರಿ.